ಕಾಂಟಾದ ಮನೆಯಲ್ಲಿ ಕೇಳಿದ ಗಂಟೆ

ಒಳಗೇನಿದೆ ಎಂದು ನೋಡದೆ ನಾನು ಯಾವುದನ್ನೂ ಒಲೆಯ ಮೇಲೆ ಇಡುವವಳಲ್ಲ. ಅಂಗಡಿಯ ಬೇಳೆಯನ್ನು ಮೊರಕ್ಕೆ ಸುರಿದು ಕೇರುತ್ತೇನೆ. ಜೋಳವನ್ನು ಹಸನು ಮಾಡದೆ ಗಿರಣಿಗೆ ಕಳಿಸುವುದಿಲ್ಲ. ಅಂಥ ನನ್ನ ಕೈಗೆ, ತೊಂಬತ್ತರ ದಶಕದ ನಡುವಿನಲ್ಲಿ, ಲಿಂಗಸುಗೂರಿನಿಂದ ಒಂದು ಫ್ಲಾಪಿ ಬಂತು. ಅದರೊಳಗಿದ್ದದ್ದು ಕೇರಲು ಬಾರದ, ಬಿಚ್ಚಲು ಬಾರದ ಗಂಟು. ಅದನ್ನು ನಂಬಿ ನನ್ನ ಕೆಲಸಕ್ಕೆ ಜೋಡಿಸಿಕೊಳ್ಳಬೇಕಾಗಿತ್ತು.

ನಮ್ಮ ಭಾವನವರು, ಎಂದರೆ ಯಜಮಾನರ ಅಣ್ಣ, ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ ಕಾಂಟಾ ನಡೆಸುತ್ತಿದ್ದರು. ಭತ್ತ ಹೇರಿದ ಟ್ರ್ಯಾಕ್ಟರುಗಳು, ಲಾರಿಗಳು ನೆಲಮಟ್ಟದ ಕಬ್ಬಿಣದ ಹಲಗೆ ಹತ್ತಿ ನಿಂತರೆ ಗಾಡಿಸಮೇತ ತೂಗುವ ಯಂತ್ರ ಅದು. ಮೊದಲು ಉದ್ದನೆಯ ಸರಳಿನ ಮೇಲೆ ಗುಂಡು ಸರಿಸಿ ತೂಕ ನೋಡುತ್ತಿದ್ದರು. ಆ ವರ್ಷ ಅದನ್ನು ತೆಗೆಸಿ ಕೆಂಪು ಅಂಕಿ ತೋರಿಸುವ ಪೆಟ್ಟಿಗೆ ಕೂಡಿಸಿದರು. ಪೆಟ್ಟಿಗೆಯಿಂದ ಕಂಪ್ಯೂಟರಿಗೆ ತಂತಿ ಹೋಗಿ, ಗುಂಡಿ ಒತ್ತಿದರೆ ತೂಕದ ಚೀಟಿ ಅಚ್ಚಾಗಿ ಬರಬೇಕೆಂಬುದು ಅವರ ಆಸೆ.

"ಮನ್ಯಾಗ ಕಂಪ್ಯೂಟರ್ ಕಲ್ತಾಕಿ ಅದಾಳ. ಹೊರಗಿನವರ ಕಾಲು ಯಾಕ ಹಿಡೀಬೇಕು?" ಎಂದು ಅವರು ನಮ್ಮ ಅತ್ತೆಗೆ ಹೇಳಿದ್ದು ಅಡುಗೆಮನೆಯ ಬಾಗಿಲ ಹಿಂದಿದ್ದ ನನಗೆ ಕೇಳಿಸಲೆಂದೇ. ಭಾವನವರ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ನಾನು ಅತ್ತೆಗೆ ಹೇಳುವುದು, ಅತ್ತೆ ಅವರಿಗೆ ಹೇಳುವುದು. ಅತ್ತೆ ಇಲ್ಲದಾಗ ನಮ್ಮ ಯಜಮಾನರು.

ಮದುವೆಗೆ ಮುಂಚೆ ರಾಯಚೂರಿನಲ್ಲಿ ಕಲಿತದ್ದು ನೆನಪಿತ್ತು. ದೇವರಮನೆಯ ಪಕ್ಕದ ಕೋಣೆಯಲ್ಲಿ ಯಾರೋ ಬಳಸಿ ಮಾರಿದ ಒಂದು ಕಂಪ್ಯೂಟರ್ ಇತ್ತು. ಮಧ್ಯಾಹ್ನದ ರೊಟ್ಟಿ ಕೆಲಸ ಮುಗಿದ ಮೇಲೆ ಕರೆಂಟ್ ಇದ್ದಷ್ಟು ಹೊತ್ತು ಸಿ ಭಾಷೆಯಲ್ಲಿ ಬರೆಯುತ್ತಿದ್ದೆ. ಆ ಹೊತ್ತಿನಲ್ಲಿ ಅತ್ತೆ ಮಕ್ಕಳನ್ನು ತಮ್ಮ ಹತ್ತಿರ ಮಲಗಿಸಿಕೊಳ್ಳುತ್ತಿದ್ದರು. ಅದನ್ನು ನಾನು ದೇವರು ಕೊಟ್ಟ ಮೊದಲ ಉಪಕಾರವೆಂದು ಎಣಿಸಿದೆ.

ನಮ್ಮ ಮನೆಯಲ್ಲಿ ಶ್ರೀ ಇಲ್ಲದೆ ಯಾವುದೂ ಶುರುವಾಗುವುದಿಲ್ಲ. ಹೊಸ ಗಡಿಗೆಗೆ ಸುಣ್ಣದಲ್ಲಿ ಶ್ರೀ, ಸಾರಿಸಿದ ಗೋಡೆಗೆ ಶ್ರೀ, ಕಿರಾಣಿ ಚೀಟಿಯ ತಲೆಗೂ ಶ್ರೀ. ಹಾಗಾಗಿ ನನ್ನ ಪ್ರೋಗ್ರಾಮಿನ ಮೊದಲ ತುಂಡಿಗೆ, ಫಂಕ್ಷನ್ ಎನ್ನುತ್ತಾರಲ್ಲ ಅದಕ್ಕೆ, ಇಂಗ್ಲಿಷ್ ಅಕ್ಷರಗಳಲ್ಲಿ ಶ್ರೀ ಎಂದೇ ಹೆಸರಿಟ್ಟೆ. ಅದರ ಕೆಲಸ ಸಣ್ಣದು. ಪ್ರೋಗ್ರಾಂ ಶುರುವಾದಾಗ ಕಂಪ್ಯೂಟರಿನ ಒಳಗಿನ ಸ್ಪೀಕರಿನಿಂದ ಪೂಜೆಯ ಗಂಟೆಯ ಹಾಗೆ ಒಂದು ಉದ್ದ, ಎರಡು ಗಿಡ್ಡ ಸದ್ದು ಮಾಡುವುದು. ದಿನಕ್ಕೊಮ್ಮೆ, ಬೆಳಗ್ಗೆ ಕಾಂಟಾ ತೆರೆದಾಗ ಬಾರಿಸಿದರೆ ಸಾಕೆಂದು ನನ್ನ ಮನಸ್ಸಿನಲ್ಲಿತ್ತು.

ಚೀಟಿಯ ಕೆಲಸ ಮುಗಿಯಿತು. ಉಳಿದದ್ದು ಪೆಟ್ಟಿಗೆಯಿಂದ ತೂಕ ಓದುವುದು. ಪೆಟ್ಟಿಗೆ ಯಾವ ಭಾಷೆಯಲ್ಲಿ ಮಾತಾಡುತ್ತದೆಂದು ಅದನ್ನು ಕೂಡಿಸಿದವನಿಗೇ ಗೊತ್ತು. ಆತ ಲಿಂಗಸುಗೂರಿನ ಒಬ್ಬ ಮೆಕ್ಯಾನಿಕ್. ಸುತ್ತಲ ಊರುಗಳಲ್ಲಿ ಕಾಂಟಾ ಕೂಡಿಸುವುದೇ ಅವನ ಉದ್ಯೋಗ. ತೂಕ ಓದುವ ಪ್ರೋಗ್ರಾಮನ್ನು ಆತ ಬರೆದಿಟ್ಟಿದ್ದ. ಆದರೆ ಬರೆದ ರೂಪದಲ್ಲಿ ಕೊಡಲಿಲ್ಲ. ಯಂತ್ರಕ್ಕಷ್ಟೇ ತಿಳಿಯುವ ಹಾಗೆ ಮೊದಲೇ ಬೇಯಿಸಿ, ಹಲವು ತುಂಡುಗಳನ್ನು ಒಂದೇ ಕಟ್ಟು ಮಾಡಿ ಕಳಿಸಿದ. ಇಂಥ ಕಟ್ಟಿಗೆ ಲೈಬ್ರರಿ ಎನ್ನುತ್ತಾರೆ. ಅದರ ಒಳಗಿನ ತುಂಡುಗಳನ್ನು ಹೆಸರು ಹಿಡಿದು ಕರೆಯಬಹುದು, ಓದಲು ಬರುವುದಿಲ್ಲ.

ಭಾವನವರ ಮನೆಯ ಫೋನಿನಿಂದ ಅವನನ್ನು ಕೇಳಿದೆ. "ಬರದದ್ದನ್ನ ಕೊಡ್ರಿ ಅಣ್ಣಾರ. ಒಮ್ಮಿ ಕಣ್ಣಾಡಿಸ್ತೀನಿ."

"ಅಡಗಿ ಮಾಡಿ ಕೊಟ್ಟೀನಿ, ಉಣ್ರಿ ಅಕ್ಕಾರ. ಒಲೀ ತೋರಸು ಅಂದ್ರ ಹ್ಯಾಂಗ್ರಿ?"

"ಬಾಯಾಗ ಕಲ್ಲು ಸಿಕ್ರ ಯಾರನ್ನ ಕೇಳೂದು?"

"ನನ್ನ ಕೇಳ್ರಿ. ಗಂಗಾವತಿ, ಮಾನ್ವಿ, ಎಲ್ಲಾ ಕಡೆ ಇದ ನಡ್ಯಾಕತ್ತೈತಿ. ಯಾರ ಹಲ್ಲೂ ಮುರದಿಲ್ಲ."

ನಗುತ್ತಲೇ ಫೋನ್ ಇಟ್ಟ. ನನಗೆ ಆ ನಗು ಸರಿಬೀಳಲಿಲ್ಲ. ಮುಚ್ಚಿ ಕೊಡುವವನ ಮೇಲೆ ಗುಮಾನಿ ಬರುವುದು ನನ್ನ ಸ್ವಭಾವ.

ನನ್ನ ತುಂಡುಗಳನ್ನೂ ಅವನ ಕಟ್ಟನ್ನೂ ಹೊಲಿದು ಒಂದು ಮಾಡುವ ಪ್ರೋಗ್ರಾಮಿಗೆ ಲಿಂಕರ್ ಎಂದು ಹೆಸರು. ಮೊದಲ ಸಲ ಹೊಲಿಯಹೋದಾಗ ಪರದೆ ತುಂಬ ತಪ್ಪುಗಳು ಸುರಿದವು. ಗುಮಾನಿ ನಿಜವಾಯಿತು ಎಂದುಕೊಂಡೆ. ಆದರೆ ಕಾರಣ ಬೇರೆ. ನಾನು ನನ್ನ ತುಂಡುಗಳನ್ನು ಸಣ್ಣ ಮಾದರಿಯಲ್ಲಿ ತಯಾರಿಸಿದ್ದೆ. ಅದರಲ್ಲಿ ವಿಳಾಸಗಳು ಗಿಡ್ಡ, ಬರೀ ಮನೆ ನಂಬರ್ ಇದ್ದ ಹಾಗೆ. ಆತ ದೊಡ್ಡ ಮಾದರಿಯಲ್ಲಿ ಮಾಡಿದ್ದ. ಅಲ್ಲಿ ಓಣಿಯ ಹೆಸರೂ ಸೇರಿ ಪೂರ್ತಿ ವಿಳಾಸ ಬೇಕು. ಇಬ್ಬರಿಗೂ ಹೊಂದಿಕೆಯಾಗಲು ನನ್ನದೆಲ್ಲವನ್ನೂ ದೊಡ್ಡ ಮಾದರಿಯಲ್ಲಿ ಮತ್ತೆ ತಯಾರಿಸಿದೆ. ತಪ್ಪುಗಳು ಒಂದೊಂದಾಗಿ ನಿಂತವು. ಕೊನೆಗೆ ಪರದೆಯ ಮೇಲೆ ಒಂದು ಎಚ್ಚರಿಕೆಯೂ ಇಲ್ಲದೆ ಹೊಲಿಗೆ ಮುಗಿಯಿತು. ಕರೆಂಟ್ ಹೋಗುವುದರೊಳಗೆ ಮುಗಿಯಿತಲ್ಲ ಎಂದು ದೇವರಿಗೆ ಎರಡು ಊದಿನಕಡ್ಡಿ ಹೆಚ್ಚಿಗೆ ಹಚ್ಚಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಮನೆಯಲ್ಲಿ ಕಾಂಟಾ ಇಲ್ಲ, ಪೆಟ್ಟಿಗೆ ಇಲ್ಲ. ಹಾಗಾಗಿ ನಾನು ಎರಡು ಬಗೆಯ ಹೊಲಿಗೆ ಇಟ್ಟುಕೊಂಡಿದ್ದೆ. ಮನೆಯಲ್ಲಿ ಪರೀಕ್ಷೆ ಮಾಡುವಾಗ ಲೈಬ್ರರಿಯ ಜಾಗದಲ್ಲಿ ನಾನೇ ಬರೆದ ಸುಳ್ಳು ಕಾಂಟಾ. ಅದು ಸುಮ್ಮನೆ ಒಂದು ಅಂಕಿ ಕೊಡುತ್ತಿತ್ತು. ಅದು ಸರಿಯಾದ ಮೇಲೆ ನಿಜವಾದ ಲೈಬ್ರರಿ ಹೊಲಿದು, ಫ್ಲಾಪಿಗೆ ಹಾಕಿ, ಯಜಮಾನರ ಕೈಯಲ್ಲಿ ಕಾಂಟಾಕ್ಕೆ ಕಳಿಸುತ್ತಿದ್ದೆ. ಅಲ್ಲಿ ಏನಾಗುತ್ತದೆಂದು ನಾನು ಕಣ್ಣಾರೆ ನೋಡಿರಲಿಲ್ಲ. ಗಂಡಸರು, ಲಾರಿ ಡ್ರೈವರುಗಳು, ಹಮಾಲರು ಇರುವ ಜಾಗ. ಮನೆಯ ಹೆಣ್ಣುಮಕ್ಕಳು ಹೋಗುತ್ತಿರಲಿಲ್ಲ.

ಮೊದಲ ದಿನ ಯಜಮಾನರು ಬಂದು ಹೇಳಿದರು: "ಚೊಲೋ ನಡದೈತಿ. ಗಾಡಿ ಬಂದಾಗೊಮ್ಮಿ ಗಂಟಿ ಹೊಡೀತೈತಿ ನೋಡು. ಮಂದಿ ಖುಷ್ ಆಗ್ಯಾರ."

"ದೇವರ ದಯಾ," ಎಂದರು ಅತ್ತೆ.

ಗಾಡಿ ಬಂದಾಗೊಮ್ಮೆ ಸದ್ದು ಮಾಡುವುದು ಪೆಟ್ಟಿಗೆಯ ಗುಣವಿರಬೇಕೆಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಸುಗ್ಗಿ ಏರಿತು. ಜವಳಗೇರಾ ಕಡೆಯ ಕಾಲುವೆ ಭತ್ತವೆಲ್ಲ ಆ ರಸ್ತೆಗೇ ಬರತೊಡಗಿತು. ಆಗ ತಕರಾರು ಶುರುವಾಯಿತು. ಪೆಟ್ಟಿಗೆಯ ಮೇಲೆ ಒಂದು ತೂಕ, ಚೀಟಿಯಲ್ಲಿ ಇನ್ನೊಂದು. ದಿನವೂ ಅಲ್ಲ, ಪ್ರತಿ ಗಾಡಿಗೂ ಅಲ್ಲ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಕರೆಂಟ್ ಹೋಗಿಬಂದರೆ ಸ್ವಲ್ಪ ಹೊತ್ತು ತಾನಾಗಿಯೇ ಸರಿಯಾಗುತ್ತಿತ್ತು. ರೈತರು ಚೀಲದ ಮೇಲಿಂದ ಜಿಗಿದು ಬಂದು ಕಿಟಕಿಯಲ್ಲಿ ಇಣುಕಿ ಅಂಕಿ ನೋಡತೊಡಗಿದರು. "ಕಂಪ್ಯೂಟರಿನಾಗ ಮೋಸ ಐತಿ" ಎಂಬ ಮಾತು ಸಂತೆಯವರೆಗೂ ಹೋಯಿತು.

ಭಾವನವರು ತಪ್ಪನ್ನು ಹುಡುಕಲು ದೂರ ಹೋಗಲಿಲ್ಲ. ಕಾಂಟಾದಲ್ಲಿ ಕೂರುವವರು ಮಸ್ಕಿಯ ಒಬ್ಬ ಹಿರಿಯರು, ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದವರು. ಗುಂಡು ಸರಿಸುವ ಕಾಲದಿಂದ ಅವರೇ ಇದ್ದದ್ದು. ತೂಕ ತಪ್ಪೆಂದು ಕಂಡರೆ ಕಾಕಾ ಕಂಪ್ಯೂಟರನ್ನು ಆರಿಸಿ, ಮತ್ತೆ ಹಚ್ಚಿ, ಗಾಡಿಯನ್ನು ಇನ್ನೊಮ್ಮೆ ತೂಗುತ್ತಿದ್ದರು. ಅದೇ ಅವರಿಗೆ ಮುಳುವಾಯಿತು.

"ಆರಸೂದು, ಹಚ್ಚೂದು. ಏನ್ ಆಟ ನಡಿಸ್ಯಾನಂವ?" ಎಂದು ಭಾವನವರು ನಮ್ಮ ಪಡಸಾಲೆಯಲ್ಲಿ ಗುಡುಗಿದರು. "ಯಾರ ಕೂಡನೋ ಕೈ ಸೇರಿಸ್ಯಾನ. ಕೈಲೆ ಅಂಕಿ ಒತ್ತತಾನ. ಬರೂ ಅಮಾಸಿ ಮುಗೀಲಿ, ಬ್ಯಾರೇದವನ್ನ ಕೂಡಸ್ತೀನಿ. ಯಾಕ ಬಿಡಿಸಿದೆ ಅಂದ್ರ ಊರ ಮುಂದ ಹೇಳ್ತೀನಿ."

ಕೈಯಿಂದ ತೂಕ ಒತ್ತುವ ದಾರಿಯನ್ನು ನಾನೇ ಇಟ್ಟಿದ್ದೆ, ತಂತಿ ಕೆಟ್ಟ ದಿನಕ್ಕೆಂದು. ಕಾಕಾ ಅದನ್ನು ಬಳಸಿಕೊಂಡಿದ್ದರೆ? ನನಗೂ ಅವರ ಮೇಲೆ ಗುಮಾನಿ ಬಂತು. ಮಾತಾಡದೆ ಆ ದಾರಿಯನ್ನು ಮುಚ್ಚಿ, ಹೊಸದಾಗಿ ಹೊಲಿದು ಫ್ಲಾಪಿ ಕಳಿಸಿದೆ. ಕಾಕಾ ಆಗಲಿ ಬೇರೆ ಯಾರೇ ಆಗಲಿ, ಇನ್ನು ಕೈಯಿಂದ ಒತ್ತುವಂತಿರಲಿಲ್ಲ.

ಮರುದಿನವೂ ತೂಕ ತಪ್ಪಿತು.

ಅಂದರೆ ಕಾಕಾ ಅಲ್ಲ. ನನಗೆ ಗೊತ್ತಾಯಿತು, ಆದರೆ ಭಾವನವರಿಗೆ ಗೊತ್ತಾಗಲಿಲ್ಲ. ಅತ್ತೆಯ ಮೂಲಕ ಹೇಳಿಸಿದರೆ, "ತಂತಿ ಅಲಗಾಡಸ್ತಾನ ಹಂಗಾರ" ಎಂದರು. ಒಮ್ಮೆ ಕಳ್ಳ ಎಂದವರಿಗೆ ಎಲ್ಲ ದಾರಿಯೂ ಕಳ್ಳನ ಕಡೆಗೇ ಹೋಗುತ್ತದೆ.

ನನ್ನ ಗುಮಾನಿ ಈಗ ಲಿಂಗಸುಗೂರಿನ ಕಡೆಗೆ ತಿರುಗಿತು. ಮೇಲಿಂದ ಮೇಲೆ ಕರೆಸಿಕೊಳ್ಳಲೆಂದು ಆತ ಆ ಗಂಟಿನಲ್ಲಿ ಏನಾದರೂ ಇಟ್ಟಿದ್ದಾನೆಯೇ? ಮತ್ತೆ ಫೋನ್ ಮಾಡಿದೆ.

"ನಿಮ್ಮ ಲೈಬ್ರರಿ ತಪ್ಪು ತೂಕ ಕೊಡಾಕತ್ತೈತಿ."

"ಎಲ್ಲಾ ಕಡೆ ಸರಿ ಐತಿ, ನಿಮ್ಮಲ್ಲಷ್ಟ ತಪ್ಪು. ಹಂಗಾದ್ರ ತಪ್ಪು ಯಾರದು ನೀವ ಹೇಳ್ರಿ ಅಕ್ಕಾರ."

ಸಿಟ್ಟು ಬಂತು. ಆದರೆ ಅವನ ಮಾತನ್ನು ಅಲ್ಲಗಳೆಯುವಂತಿರಲಿಲ್ಲ. ಅದೇ ಗಂಟು ಬೇರೆ ಊರುಗಳಲ್ಲಿ ಸರಿಯಾಗಿ ನಡೆಯುತ್ತಿದೆ. ನನ್ನ ಪ್ರೋಗ್ರಾಂ ಮನೆಯಲ್ಲಿ ಸರಿಯಾಗಿ ನಡೆಯುತ್ತಿದೆ. ಎರಡೂ ಕೂಡಿದ ಕಡೆ ಮಾತ್ರ ಕೆಡುತ್ತಿದೆ. ಕೂಡಿದ್ದನ್ನು ನಾನು ಒಂದು ದಿನವೂ ನೋಡಿಲ್ಲ.

ಅಂದು ಸಂಜೆ ದೀಪ ಹಚ್ಚಿ, ನಮಸ್ಕಾರ ಮಾಡಿ, ಅತ್ತೆಯ ಮುಂದೆ ಕೂತೆ. "ನಾಳೆ ನಾನೇ ಕಾಂಟಾಕ್ಕ ಹೋಗ್ತೀನ್ರೀ."

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ಲಾರಿ ಮಂದಿ ನಡುವ?"

"ಕಾಕಾನ ಮಾನ ಹೊಂಟೈತ್ರೀ."

ಮತ್ತೆ ಬತ್ತಿ ಹೊಸೆಯುತ್ತ ಹೇಳಿದರು: "ತಲಿಮ್ಯಾಲೆ ಸೆರಗು ಬಿಡಬ್ಯಾಡ. ಬುತ್ತಿ ಕಟ್ಟಿಕೊಡ್ತೀನಿ." ಇದು ಇನ್ನೊಂದು ಉಪಕಾರ.

ಕಾಂಟಾದ ಮನೆ ಎಂದರೆ ತಗಡಿನ ಚಾವಣಿಯ ಒಂದು ಕೋಣೆ. ಕಿಟಕಿಯ ಆಚೆ ಕಬ್ಬಿಣದ ಹಲಗೆ. ಕಾಕಾ ತಮ್ಮ ಕುರ್ಚಿಯನ್ನು ನನಗೆ ಬಿಟ್ಟು ಗೋಡೆಗೆ ಒರಗಿ ನಿಂತರು. ತಮ್ಮ ಮೇಲಿನ ಗುಮಾನಿ ಅವರಿಗೆ ಗೊತ್ತಿತ್ತು. ನನ್ನ ಕಣ್ಣು ತಪ್ಪಿಸಿ ಟವೆಲ್ಲಿನಿಂದ ಪೆಟ್ಟಿಗೆಯ ಧೂಳು ಒರೆಸಿದರು. ಯಜಮಾನರು ಬಾಗಿಲಲ್ಲಿ ನಿಂತರು. ಕಂಪ್ಯೂಟರ್ ಹಚ್ಚಿದೆ. ಶ್ರೀ ಗಂಟೆ ಬಾರಿಸಿತು: ಒಂದು ಉದ್ದ, ಎರಡು ಗಿಡ್ಡ.

ಮೊದಲ ಟ್ರ್ಯಾಕ್ಟರ್ ಹತ್ತಿತು. ಕೆಂಪು ಅಂಕಿ ಓಡಿ ಓಡಿ ನಿಂತಿತು. ಕಾಕಾ ಗುಂಡಿ ಒತ್ತಿದರು.

ಒಂದು ಉದ್ದ, ಎರಡು ಗಿಡ್ಡ.

ಸದ್ದು ಬಂದದ್ದು ಪೆಟ್ಟಿಗೆಯಿಂದಲ್ಲ, ಕಂಪ್ಯೂಟರಿನ ಹೊಟ್ಟೆಯಿಂದ. ಅದು ನನ್ನ ಗಂಟೆ.

"ಕಾಕಾ, ಈ ಗಂಟಿ ಯಾವಾಗಿಂದ?"

"ಮದಲಿಂದನೂ ಯವ್ವಾ. ಗಾಡಿಗೊಮ್ಮಿ. ನಾ ಕೈ ಮುಗೀತೀನಿ."

ಶ್ರೀಯನ್ನು ನಾನು ಕರೆಯುವುದು ಒಮ್ಮೆ ಮಾತ್ರ, ಶುರುವಿನಲ್ಲಿ. ಈಗ ಗಾಡಿಗೊಮ್ಮೆ ಕರೆಯುತ್ತಿರುವವರು ಯಾರು? ತೂಕ ಓದುವಾಗ ನಡೆಯುವುದು ಅವನ ಲೈಬ್ರರಿ. ನನ್ನ ಶ್ರೀ ಅದಕ್ಕೆ ಗೊತ್ತೇ ಇಲ್ಲ. ಅದು ಕರೆಯುತ್ತಿದ್ದರೆ ತನ್ನದೇ ಆದ ಇನ್ನೊಂದು ಶ್ರೀಯನ್ನು ಕರೆಯುತ್ತಿರಬೇಕು. ಲಿಂಕರ್ ಕೆಲಸ ಮಾಡುವ ರೀತಿ ಹೀಗೆ: ಮೊದಲು ನನ್ನ ತುಂಡುಗಳನ್ನೆಲ್ಲ ಒಳಗೆ ತೆಗೆದುಕೊಳ್ಳುತ್ತದೆ. ಆಮೇಲೆ ಇನ್ನೂ ಯಾವ ಹೆಸರು ಸಿಕ್ಕಿಲ್ಲವೋ ಅದನ್ನಷ್ಟೇ ಲೈಬ್ರರಿಯಲ್ಲಿ ಹುಡುಕುತ್ತದೆ. ಶ್ರೀ ಆಗಲೇ ನನ್ನಲ್ಲಿ ಸಿಕ್ಕಿದ್ದರಿಂದ ಅವನ ಶ್ರೀಯನ್ನು ಗಂಟಿನಿಂದ ಹೊರಗೇ ತೆಗೆದಿಲ್ಲ. ತಪ್ಪು ಎಂದೂ ಹೇಳಿಲ್ಲ. ಅದರ ಲೆಕ್ಕದಲ್ಲಿ ಎಲ್ಲ ಹೆಸರಿಗೂ ಆಳು ಸಿಕ್ಕಾಗಿತ್ತು.

ಅವನ ಶ್ರೀ ಮಾಡಬೇಕಾಗಿದ್ದ ಕೆಲಸ ಯಾವುದು? ಅದನ್ನು ಮುಂದಿನ ಗಾಡಿ ತೋರಿಸಿತು. ತೂಗಿದ ಮೇಲೆ ಚೀಲದ ಮೇಲಿದ್ದ ಇಬ್ಬರು ಕೆಳಕ್ಕೆ ಜಿಗಿದು ಕಿಟಕಿಗೆ ಬಂದರು. ಅವರು ಇಳಿದದ್ದಕ್ಕೆ ಹಲಗೆ ಅಲುಗಿ, ಪೆಟ್ಟಿಗೆಯ ಅಂಕಿ ಮತ್ತೊಮ್ಮೆ ಓಡಿ ನಿಂತಿತು. ಹಲಗೆಯ ಮೇಲೆ ಭಾರವಿದ್ದು ಅಂಕಿ ನಿಂತಾಗಲೆಲ್ಲ ಪೆಟ್ಟಿಗೆ ಅದನ್ನು ತಂತಿಯಲ್ಲಿ ಕಳಿಸುತ್ತದೆ. ಅಂದರೆ ಒಂದೇ ಗಾಡಿಯ ತೂಕ ಎರಡು ಸಲ ಬಂತು. ಒಂದನ್ನು ನಾವು ಓದಿದೆವು, ಇನ್ನೊಂದು ಕಂಪ್ಯೂಟರಿನೊಳಗೆ ಸರದಿಯ ಸಾಲಿನಲ್ಲಿ ಉಳಿಯಿತು. ಮುಂದಿನ ಗಾಡಿ ಹತ್ತಿತು. ಚೀಟಿಯಲ್ಲಿ ಬಂದದ್ದು ಹಿಂದಿನ ಗಾಡಿಯ ತೂಕ. ಇದರ ನಂತರ ಬಂದದ್ದಕ್ಕೆ ಇದರದು. ಕರೆಂಟ್ ಹೋಗಿ ಸಾಲು ಅಳಿಸಿಹೋಗುವ ತನಕ ಒಬ್ಬರ ಭಾರ ಇನ್ನೊಬ್ಬರ ತಲೆಗೆ. ಭತ್ತದ ಟ್ರ್ಯಾಕ್ಟರುಗಳೆಲ್ಲ ಹೆಚ್ಚುಕಡಿಮೆ ಒಂದೇ ಹೇರಿನವು, ಹಾಗಾಗಿ ಥಟ್ಟನೆ ಕಾಣುತ್ತಿರಲಿಲ್ಲ.

ಮಂದಿ ಗುಮಾನಿಯಿಂದ ಇಳಿದು ಇಣುಕಿದಷ್ಟೂ ತೂಕ ತಪ್ಪುತ್ತಿತ್ತು. ತೂಕ ತಪ್ಪಿದಷ್ಟೂ ಮಂದಿ ಇಳಿದು ಇಣುಕುತ್ತಿದ್ದರು.

ಆ ಹೊತ್ತಿಗೆ ಭಾವನವರ ಜೀಪು ಬಂತು. ನನ್ನನ್ನು ಅಲ್ಲಿ ಕಂಡು ಬಾಗಿಲಲ್ಲೇ ನಿಂತರು. "ಮನಿ ಬಿಟ್ಟು ಇಲ್ಲಿಗೂ ಬಂದ್ರೇನು?" ಎಂದು ತಮ್ಮನನ್ನು ಕೇಳಿದರು.

ನಾನು ಯಜಮಾನರಿಗೆ ಮೆಲ್ಲಗೆ ಹೇಳಿದೆ: "ಒಂದು ಲಾರಿ ಹತ್ತಸಾಕ ಹೇಳ್ರಿ. ಆಮ್ಯಾಲ ಕಾಕಾ ಒಬ್ಬರ ಹಲಗಿಮ್ಯಾಲೆ ನಿಂದರಲಿ."

"ಲಾರಿ ಹತ್ತಸ್ಬೇಕಂತ, ಕಾಕಾ..." ಎಂದು ಯಜಮಾನರು ಶುರುಮಾಡಿದರು.

"ನಂಗೂ ಕಿವಿ ಅದಾವ್ಲೇ," ಎಂದರು ಭಾವನವರು.

ಲಾರಿ ಹತ್ತಿತು, ತೂಗಿದೆವು. ಡ್ರೈವರ್ ಇಳಿದು ಕಿಟಕಿಗೆ ಬಂದ. ಪೆಟ್ಟಿಗೆಯ ಅಂಕಿ ಮತ್ತೆ ಓಡಿ ನಿಂತಿತು. ಲಾರಿ ಹೋಯಿತು. ಕಾಕಾ ಚಪ್ಪಲಿ ಬಿಟ್ಟು, ಹಲಗೆ ಮುಟ್ಟಿ ಹಣೆಗೆ ಒತ್ತಿಕೊಂಡು, ನಡುವೆ ಹೋಗಿ ನಿಂತರು. ಸಣ್ಣ ಆಳು, ಬಿಸಿಲಲ್ಲಿ ಒಬ್ಬರೇ. ನಾನು ಗುಂಡಿ ಒತ್ತಿದೆ. ಗಂಟೆ ಬಾರಿಸಿತು. ಚೀಟಿ ಹೊರಗೆ ಬಂತು.

ಭಾವನವರು ಚೀಟಿ ಹರಿದುಕೊಂಡು ಓದಿದರು. ಹಲಗೆಯ ಮೇಲಿನ ಕಾಕಾನನ್ನು ನೋಡಿದರು. ಮತ್ತೆ ಓದಿದರು. ಕಾಕಾನ ತೂಕವೆಂದು ಅಚ್ಚಾಗಿದ್ದು ಹೇರು ತುಂಬಿದ ಲಾರಿಯದು.

"ಇದೇನಿದು?" ಎಂದು ತಮ್ಮನ ಕಡೆಗೆ ತಿರುಗಿದರು. ತಮ್ಮ ನನ್ನ ಕಡೆಗೆ ತಿರುಗಿದರು.

ಸೆರಗು ಸರಿಮಾಡಿಕೊಂಡು, ಮದುವೆಯಾದ ಮೇಲೆ ಮೊದಲ ಸಲ, ನಾನು ಅವರಿಗೇ ನೇರವಾಗಿ ಹೇಳಿದೆ. "ಗುಂಡಿ ಒತ್ತಿದಾಕಿ ನಾನ್ರೀ. ಕಾಕಾ ಅಲ್ಲಿ ಕೈ ಕಟ್ಟಿ ನಿಂತಾರ. ತಂತಿ ಅಲಗಾಡಿಸಿದ್ರೇನ್ರೀ ಅವರು?"

ಭಾವನವರು ಚೀಟಿಯನ್ನು ಮಡಿಸಿ ಕಿಸೆಗೆ ಹಾಕಿಕೊಂಡರು. ಆಮೇಲೆ ಯಾರನ್ನೂ ನೋಡದೆ, "ಬಿಸಿಲಾಗ ಯಾಕ ನಿಂತಾನ? ಒಳಗ ಬರಾಕ ಹೇಳ್ರಿ," ಎಂದರು.

ಅಂದೇ ಭಾವನವರ ಮನೆಯಿಂದ ಲಿಂಗಸುಗೂರಿಗೆ ಫೋನ್ ಮಾಡಿದೆ.

"ಅಣ್ಣಾರ, ನಿಮ್ಮ ಗಂಟಿನಾಗ ಶ್ರೀ ಅನ್ನೂ ಫಂಕ್ಷನ್ ಐತೇನ್ರಿ?"

"ನಿಮಗ ಹ್ಯಾಂಗ ಗೊತ್ತಾತ್ರಿ? ಮದಲನೇ ಫೈಲ ಅದು. ಹಿಂದಿನ ಗಾಡಿ ತೂಕ ಉಳದಿದ್ರ ಒರಸಿ ಹಾಕತೈತಿ. ಶ್ರೀ ಬರೀದ ನಾ ಕೆಲಸಾ ಶುರು ಮಾಡಂಗಿಲ್ರಿ."

"ನಾನೂ ಮಾಡಂಗಿಲ್ರಿ," ಎಂದೆ.

ಆತನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಅಯ್ಯ ಶಿವನ!" ಎಂದ. "ಉಳದ ಊರಿನವ್ರು ದೇವರ ಹೆಸರ ಇಟ್ಟಿಲ್ಲ ನೋಡ್ರಿ, ಅದಕ್ಕ ಅಲ್ಲಿ ಸರಿ ನಡದೈತಿ." ಈ ಸಲ ಆ ನಗುವಿನಲ್ಲಿ ನಾನೂ ಸೇರಿದೆ. ಮರುವಾರ ಆತ ತನ್ನ ಹೆಸರುಗಳನ್ನೆಲ್ಲ ಬದಲಿಸಿ ಹೊಸ ಕಟ್ಟು ಕಳಿಸಿದ. ಬರೆದದ್ದನ್ನು ಮಾತ್ರ ಆಗಲೂ ಕೊಡಲಿಲ್ಲ.

ನಾನು ಅಲ್ಲಿಯವರೆಗೆ ಕಾಯಲಿಲ್ಲ. ಮದುವೆಮನೆಗೆ ಪಾತ್ರೆ ಕೊಡುವಾಗ ಬೇರೆಯವರದರ ಜೊತೆ ಬೆರೆತುಹೋಗದಿರಲೆಂದು ನಾವು ಅಂಚಿಗೆ ಮನೆತನದ ಅಕ್ಷರ ಕೊರೆಸುತ್ತೇವಲ್ಲ, ಹಾಗೆಯೇ ನನ್ನ ಪ್ರತಿ ಫಂಕ್ಷನಿನ ಹೆಸರಿನ ಮುಂದೆ ನಮ್ಮ ಮನೆತನದ ಅಕ್ಷರ ಸೇರಿಸಿದೆ. ಹೊರಗಿನವರ ಗಂಟಿನ ಜೊತೆ ಹೊಲಿಯುವಾಗ ಇಂದಿಗೂ ಹಾಗೇ ಮಾಡುತ್ತೇನೆ. ಶ್ರೀಯನ್ನು ಪ್ರೋಗ್ರಾಮಿನ ತಲೆಯ ಮೇಲೆ, ಯಂತ್ರ ಓದದೆ ದಾಟಿಹೋಗುವ ಟಿಪ್ಪಣಿಯಲ್ಲಿ ಬರೆಯುತ್ತೇನೆ. ದೇವರು ಓದಿದರೆ ಸಾಕು.

ಹೊಸ ಹೊಲಿಗೆಯನ್ನು ನಾನೇ ಕಾಂಟಾಕ್ಕೆ ಒಯ್ದೆ. ಅತ್ತೆ ಬುತ್ತಿಯನ್ನು ಕೇಳದೆಯೇ ಕಟ್ಟಿದ್ದರು. ಈ ಸಲ ಗಂಟೆ ಬೆಳಗ್ಗೆ ಒಮ್ಮೆ ಬಾರಿಸಿ ಸುಮ್ಮನಾಯಿತು. ಗಾಡಿಗಳು ಹತ್ತಿದವು, ಮಂದಿ ಜಿಗಿದರು, ಇಣುಕಿದರು. ಪೆಟ್ಟಿಗೆಯ ತೂಕವೂ ಚೀಟಿಯ ತೂಕವೂ ಒಂದೇ. ಭಾವನವರು ಬಾಗಿಲಲ್ಲಿ ನಿಂತು ಪ್ರತಿ ಚೀಟಿಯನ್ನೂ ತಾವೇ ನೋಡಿದರು. ಅಮಾವಾಸ್ಯೆ ಕಳೆದಿತ್ತು. ಬೇರೆಯವನನ್ನು ಕೂಡಿಸುವ ಮಾತು ಮತ್ತೆ ಬರಲಿಲ್ಲ, ತಪ್ಪಾಯಿತು ಎಂಬ ಮಾತೂ ಬರಲಿಲ್ಲ. ಕಾಕಾನ ಕುರ್ಚಿಗೆ ಮಾತ್ರ ಹೊಸ ದಿಂಬು ಬಂದಿತ್ತು.

ಗಾಡಿಗಳು ಕಡಿಮೆಯಾದಾಗ ಕಾಕಾ ಎದ್ದರು. "ಯವ್ವಾ, ಗಂಟಿ ಯಾಕ ನಿಲ್ಲಿಸಿದಿ? ಕೈ ಮುಗಿಯೂದು ರೂಢಿ ಆಗೈತಿ."

"ಮತ್ತ ಇಡ್ತೀನಿ ಕಾಕಾ. ಈ ಸಲ ಬ್ಯಾರೆ ಹೆಸರಿಲೆ."

"ಇಡು. ಅದಕ್ಕಿಂತ ಮದಲ ಒಂದ ಕೆಲಸ ಐತಿ."

ಚಪ್ಪಲಿ ಬಿಟ್ಟು ಹೊರಗೆ ಹೋದರು. ಆಗಷ್ಟೇ ಒಂದು ಲಾರಿ ಇಳಿದು ಹೋಗಿತ್ತು. ಹಲಗೆ ಮುಟ್ಟಿ, ಹಣೆಗೆ ಒತ್ತಿಕೊಂಡು, ನಡುವೆ ನಿಂತು, ಕಿಟಕಿಯ ಕಡೆಗೆ ಮುಖ ಮಾಡಿದರು. ನಾನು ಗುಂಡಿಗೆ ಕೈ ಚಾಚುವುದರೊಳಗೆ ಬಾಗಿಲಲ್ಲಿದ್ದ ಭಾವನವರು ಒಳಗೆ ಬಂದು ತಾವೇ ಒತ್ತಿದರು. ಚೀಟಿ ಹರಿದು, ಕಿಟಕಿಯಿಂದ ಕೈ ಹೊರಗೆ ಚಾಚಿ, ಕಾಕಾನಿಗೆ ಕೊಟ್ಟರು.

ಕಾಕಾ ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಹತ್ತಿರದ ಹಮಾಲರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ನನ್ನ ತೂಕ ನಂಗ ಬಂತ್ರೆಪಾ."